ಎಲ್ಲಾ ಕಾಲಿನ ಪುಣ್ಯ

ಆ ಬೀದಿಯಲ್ಲಿ ಒಂದೇ ಗೋಡೆ ಹಂಚಿಕೊಂಡ ಎರಡು ಅಂಗಡಿಗಳಿದ್ದವು. ಒಂದು ಟೈಲರ್ ಅಂಗಡಿ, ಇನ್ನೊಂದು ಕ್ಷೌರದಂಗಡಿ. ಇಬ್ಬರ ಹೊಟ್ಟೆಪಾಡೂ ಕತ್ತರಿಯಿಂದಲೇ ನಡೆಯುತ್ತಿದ್ದುದರಿಂದ ಬೀದಿಯವರು ಟೈಲರನ್ನು ದೊಡ್ಡ ಕತ್ತರಿ ಎಂದೂ ಕ್ಷೌರದವನನ್ನು ಸಣ್ಣ ಕತ್ತರಿ ಎಂದೂ ಕರೆಯುತ್ತಿದ್ದರು. ದೊಡ್ಡ ಕತ್ತರಿಗೆ ಆ ಹೆಸರು ಇನ್ನೊಂದು ಕಾರಣಕ್ಕೂ ಒಪ್ಪುತ್ತಿತ್ತು. ದಿನವಿಡೀ ಮಷೀನಿನ ಮುಂದೆ ಕೂತು ಕೂತು ಅವನ ಹೊಟ್ಟೆ ಎಷ್ಟು ಬೆಳೆದಿತ್ತೆಂದರೆ, ಸೂಜಿಗೆ ದಾರ ಪೋಣಿಸಲು ಬಗ್ಗಿದರೆ ಹೊಟ್ಟೆಯೇ ಮೊದಲು ಹೋಗಿ ಮೇಜಿಗೆ ತಾಗುತ್ತಿತ್ತು. ಊರವರ ಸೊಂಟಕ್ಕೆಲ್ಲ ಟೇಪು ಹಿಡಿಯುವವನು ತನ್ನ ಸೊಂಟದ ಹತ್ತಿರ ಮಾತ್ರ ಟೇಪು ತರುತ್ತಿರಲಿಲ್ಲ. ತನ್ನ ಪ್ಯಾಂಟಿಗೆ ಅಂದಾಜಿನಲ್ಲೇ ಕತ್ತರಿ ಹಾಕಿ, "ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿರ್ತೀನಿ, ಮುಂದಕ್ಕೆ ಬೇಕಾಗುತ್ತೆ" ಎನ್ನುತ್ತಿದ್ದ.

ಅವನ ಹೆಂಡತಿ ಅದೇ ಬೀದಿಯ ಕೊನೆಯಲ್ಲಿದ್ದ ಗಿಡಮೂಲಿಕೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಣಗಿದ ಬೇರು, ತೊಗಟೆ, ಎಲೆಗಳಲ್ಲಿ ಕಲ್ಲು ಕಡ್ಡಿ ಆರಿಸುವುದು, ಪುಡಿಯನ್ನು ಬಟ್ಟೆಯಲ್ಲಿ ಸೋಸುವುದು, ತೂಗಿ ಪೊಟ್ಟಣ ಕಟ್ಟುವುದು, ಯಜಮಾನಿ ಒಳಗಿದ್ದಾಗ ಕೌಂಟರಿನಲ್ಲಿ ನಿಲ್ಲುವುದು. ಯಜಮಾನಿ ವಯಸ್ಸಾದವಳು, ಮಾತು ಕಡಿಮೆ. ಆದರೆ ಸಕ್ಕರೆ ಕಾಯಿಲೆಯ ಪುಡಿಯ ಪೊಟ್ಟಣ ಕೊಡುವಾಗ ಒಂದು ಮಾತನ್ನು ಮಾತ್ರ ಯಾರಿಗೂ ತಪ್ಪಿಸುತ್ತಿರಲಿಲ್ಲ: "ಡಾಕ್ಟ್ರ ಮಾತ್ರೆ ನಡೀತಾ ಇದ್ರೆ ಇದನ್ನೂ ಅವರಿಗೆ ಹೇಳಿ. ಎರಡೂ ಸೇರಿ ಸಕ್ಕರೆ ಅತಿಯಾಗಿ ಇಳಿದುಬಿಡಬಹುದು." ಕೇಳಿ ಕೇಳಿ ಟೈಲರ್ ಹೆಂಡತಿಗೂ ಅದು ಬಾಯಿಪಾಠವಾಗಿತ್ತು. ಅವಳೂ ಗಿರಾಕಿಗಳಿಗೆ ಹಾಗೇ ಹೇಳಿ ಕಳಿಸುತ್ತಿದ್ದಳು.

ಟೈಲರಿಗೆ ಒಂದು ದಿನ ಕಣ್ಣು ಮಂಜಾಗಿ ಕಾಜಾ ಹೊಲಿಯುವುದು ಕಷ್ಟವಾಯಿತು. ಕ್ಲಿನಿಕ್ಕಿಗೆ ಹೋದರೆ ಡಾಕ್ಟರಮ್ಮ ರಕ್ತ ತೆಗೆಸಿದರು, ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಸಕ್ಕರೆ ಇತ್ತು, ರಕ್ತದೊತ್ತಡ ಇತ್ತು, ಲಿವರಿನಲ್ಲಿ ಕೊಬ್ಬು ಸೇರಿಕೊಂಡಿತ್ತು.

"ಮೂರಕ್ಕೂ ಬೇರು ಇಲ್ಲಿದೆ" ಎಂದು ಡಾಕ್ಟರಮ್ಮ ಅವನ ಹೊಟ್ಟೆ ತೋರಿಸಿದರು. "ಮಾತ್ರೆ ನಾನು ಕೊಡ್ತೀನಿ. ನಡೆಯೋದನ್ನ ನೀವೇ ನಡೀಬೇಕು."

ಟೈಲರ್ ನಡೆಯತೊಡಗಿದ. ಊರಿಗೆ ನೀರು ಬಿಡುವ ಟ್ಯಾಂಕಿದ್ದ ದಿಬ್ಬದ ತನಕ ಬೆಳಿಗ್ಗೆ ಹೋಗುವುದು, ಬರುವುದು. ಮೊದಮೊದಲು ಅದು ನಡಿಗೆ ಎನ್ನುವಂತಿರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತ, ಉಸಿರು ಬಿಡುವುದಕ್ಕೆಂದು ಪ್ರತಿ ಕಟ್ಟೆಯ ಮೇಲೂ ಕೂರುತ್ತ ಹೋಗುತ್ತಿದ್ದ. ಮತ್ತೆ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಹೆಚ್ಚೇನೂ ಇಳಿದಿರಲಿಲ್ಲ. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಹೆಂಡತಿ ಮಾತ್ರ ಬೆದರಿದಳು. ಅವಳಪ್ಪ ಇದೇ ಕಾಯಿಲೆಯಿಂದ ಕಣ್ಣು ಕಳೆದುಕೊಂಡು, ತಟ್ಟೆಯಲ್ಲಿ ಏನಿದೆ ಎಂದು ಬೆರಳಿನಿಂದ ತಡವುತ್ತಿದ್ದುದನ್ನು ಅವಳು ನೋಡಿ ಬೆಳೆದಿದ್ದಳು.

"ನಮ್ಮಂಗಡೀಲಿ ಒಂದು ಪುಡಿ ಇದೆ ರೀ" ಎಂದಳು. "ಮೆಂತ್ಯ, ದಾಲ್ಚಿನ್ನಿ, ಶುಂಠಿ, ಅದರ ಜೊತೆ ಒಂದು ಕಹಿ ಎಲೆ. ಡಾಕ್ಟ್ರನ್ನ ಒಂದು ಮಾತು ಕೇಳಿ ತಗೊಳ್ಳಿ."

"ನಾನೇನು ಮೇಕೆನಾ, ಸೊಪ್ಪು ಸದೆ ಮೇಯೋಕೆ?" ಎಂದ ಅವನು. "ಸಂಜೆ ನೀನು ಮನೆಗೆ ಬಂದ್ರೆ ಹುಲ್ಲಿನ ಬಣವೆ ಒಳಗೆ ಬಂದ ಹಾಗೆ ವಾಸನೆ. ಮೂಗಿಗೇ ಸಾಕಾಗಿದೆ, ಇನ್ನು ಬಾಯಿಗೆ ಬೇರೆ ಬೇಕಾ?"

ಎಷ್ಟು ಹೇಳಿದರೂ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಅವಳೇ ಪೊಟ್ಟಣ ಕೊಂಡಳು. ಯಜಮಾನಿ ಕನ್ನಡಕದ ಮೇಲಿಂದ ನೋಡಿ, "ಡಾಕ್ಟ್ರಿಗೆ ಹೇಳಿದ್ದೀಯ ತಾನೆ?" ಎಂದು ಕೇಳಿದಳು.

"ಹೇಳಿದ್ದೀನಮ್ಮ" ಎಂದಳು ಟೈಲರ್ ಹೆಂಡತಿ. ಮೊದಲ ಸುಳ್ಳು ಅದು. ಆಡಿದ್ದೇ ಗೊತ್ತಾಗದಷ್ಟು ಸಲೀಸಾಗಿ ಬಂತು.

ಅಂದಿನಿಂದ ಸಂಜೆಯ ಟೊಮೆಟೊ ಸೂಪಿನಲ್ಲಿ ಒಂದು ಚಮಚ ಪುಡಿ ಸೇರತೊಡಗಿತು. ಮೊದಲ ಗುಟುಕಿಗೇ ಟೈಲರ್ ಮುಖ ಕಿವುಚಿದ. "ಏನಿದು, ಕಹಿ?" ಎಂದ. "ಬೆಳ್ಳುಳ್ಳಿ ಸೀದುಹೋಯ್ತು" ಎಂದಳು. ಸ್ವಲ್ಪ ದಿನಕ್ಕೆ ಅವನ ನಾಲಗೆ ಆ ರುಚಿಗೆ ಒಗ್ಗಿಕೊಂಡಿತು.

ನಡಿಗೆ ನಿಜಕ್ಕೂ ನಡಿಗೆಯಾದದ್ದೂ ಆ ದಿನಗಳಲ್ಲೇ. ಕಟ್ಟೆಗಳ ಮೇಲೆ ಕೂರುವುದು ನಿಂತಿತು, ದಿಬ್ಬ ಹತ್ತಿ ಇಳಿದರೂ ಏದುಸಿರು ಬರುತ್ತಿರಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಪ್ಯಾಂಟು ಸಡಿಲವಾಗಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಅವನೇ ಕತ್ತರಿಸಿ ಎಸೆದ. ಬಟ್ಟೆ ಹೊಲಿಸಲು ಬಂದವರ ಮುಂದೆ ಎದ್ದು ನಿಂತು ಹೊಟ್ಟೆ ತಟ್ಟಿ ತೋರಿಸುತ್ತಿದ್ದ. ಮದುವೆಯಾದ ಮೇಲೆ ಅವನನ್ನು ಅಷ್ಟು ಲವಲವಿಕೆಯಲ್ಲಿ ಅವಳು ನೋಡಿಯೇ ಇರಲಿಲ್ಲ. ಒಂದು ಮನಸ್ಸು ಹಿಗ್ಗುತ್ತಿತ್ತು, ಇನ್ನೊಂದು ಮನಸ್ಸು ಒಳಗೇ ಚುರುಕ್ ಎನ್ನುತ್ತಿತ್ತು.

ಒಂದು ಬೆಳಿಗ್ಗೆ ದಿಬ್ಬದ ಮೇಲೆ ಅವನಿಗೆ ಕೈ ನಡುಗಿ, ಮೈಯೆಲ್ಲ ಬೆವರಿ, ಕಣ್ಣು ಕತ್ತಲೆ ಬಂತು. ಯಾರೋ ಒಂದು ಪೆಪ್ಪರಮಿಂಟು ಬಾಯಿಗಿಟ್ಟರು, ಸರಿಹೋಯಿತು. ಮನೆಗೆ ಬಂದು ಅವನು ಅದನ್ನು ನಗುತ್ತಲೇ ಹೇಳಿದ. ಅವಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಯಜಮಾನಿ ಹೇಳುತ್ತಿದ್ದುದು ಇದನ್ನೇ. ಅಂದು ಸಂಜೆ ಪುಡಿಯನ್ನು ಅರ್ಧಕ್ಕಿಳಿಸಿದಳು. ಬಾಯಿ ಮಾತ್ರ ಬಿಡಲಿಲ್ಲ.

ಮುಂದಿನ ಸಲ ಕ್ಲಿನಿಕ್ಕಿನಲ್ಲಿ ಟೈಲರ್ ದಿಬ್ಬದ ಮೇಲಾದದ್ದನ್ನು ಹೇಳಿದಾಗ ಡಾಕ್ಟರಮ್ಮ ಕೇಳಿದರು, ಅವಳ ಎದುರೇ ಕೇಳಿದರು. "ಮಾತ್ರೆ ಬಿಟ್ಟು ಬೇರೇನಾದ್ರೂ ತಗೊಳ್ತಿದ್ದೀರಾ? ಪುಡಿ, ಕಷಾಯ, ಅಂಥದ್ದು?"

ಟೈಲರ್ ನಕ್ಕ. "ಇವಳು ಕೆಲಸ ಮಾಡೋದೇ ಅಂಥ ಅಂಗಡೀಲಿ ಡಾಕ್ಟ್ರೇ. ಆದ್ರೂ ನನ್ನ ಬಾಯಿಗೆ ಒಂದು ಚಿಟಿಕೆ ಹಾಕೋಕೆ ಇವಳ ಕೈಲಿ ಆಗಿಲ್ಲ. ಎಲ್ಲಾ ಕಾಲಿನ ಪುಣ್ಯ."

ಅವಳು ಪಕ್ಕದ ಸ್ಟೂಲಿನ ಮೇಲೆ ಕೂತು ತನ್ನ ಉಗುರಿನ ಸಂದಿಯಲ್ಲಿ ಕೂತಿದ್ದ ಹಸಿರು ಪುಡಿಯನ್ನು ನೋಡುತ್ತಿದ್ದಳು. ಹೇಳಬೇಕೆಂದು ಬಾಯಿ ತೆರೆದದ್ದು ನಿಜ. ಆದರೆ ಗಂಡನ ಮುಖ ನೋಡಿದಳು. ಜೀವನದಲ್ಲಿ ಮೊದಲ ಸಲ ತನ್ನ ಬಗ್ಗೆ ತಾನೇ ಹೆಮ್ಮೆಪಟ್ಟುಕೊಂಡ ಮುಖ ಅದು. ಅದನ್ನು ಹೇಗೆ ಕಿತ್ತುಕೊಳ್ಳುವುದು? ಡಾಕ್ಟರಮ್ಮ ಮಾತ್ರೆ ಕಡಿಮೆ ಮಾಡಿದರು. ಅವಳು ಮತ್ತೆ ಚಮಚ ತುಂಬಿಸಿದಳು.

ಆ ಕ್ಲಿನಿಕ್ಕಿನಲ್ಲಿ ಆಗಾಗ ಸಕ್ಕರೆ ಕಾಯಿಲೆಯವರನ್ನೆಲ್ಲ ಕೂರಿಸಿ ಒಂದು ಸಭೆ ಮಾಡುತ್ತಿದ್ದರು. ಡಾಕ್ಟರಮ್ಮ ಟೈಲರನ್ನು ಮಾತಾಡಲು ಕರೆದರು. ಅವನು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋಗಿ ನಿಂತ. "ಮಾತ್ರೆ ಕಡಿಮೆ ಮಾಡಿದ್ದು ನಾನಲ್ಲ, ಡಾಕ್ಟ್ರು. ಆದ್ರೆ ಮಾಡಿಸಿದ್ದು ಈ ಎರಡು ಕಾಲು. ಇನ್ನೇನೂ ಇಲ್ಲ" ಎಂದು ಕಾಲು ಎತ್ತಿ ತೋರಿಸಿದಾಗ ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಜೋರಾಗಿ ತಟ್ಟಿದವನು ಸಣ್ಣ ಕತ್ತರಿ. ಅವನಿಗೂ ಸಕ್ಕರೆ ಇತ್ತು, ಎಷ್ಟೋ ವರ್ಷದಿಂದ.

ಅದಾದ ಮೇಲೆ ಒಂದು ಮಧ್ಯಾಹ್ನ ಅವನು ಗಿಡಮೂಲಿಕೆ ಅಂಗಡಿಗೆ ಬಂದ. ಹೆಗಲ ಮೇಲೆ ಟವೆಲ್ಲು ಹಾಗೇ ಇತ್ತು, ತೋಳಿಗೆ ಯಾರದೋ ಕೂದಲು ಅಂಟಿತ್ತು.

"ತಂಗಿ, ಒಂದು ಮಾತು ಕೇಳ್ತೀನಿ. ನಿಜ ಹೇಳ್ಬೇಕು."

"ಕೇಳಣ್ಣ."

"ನಿನ್ನ ಗಂಡ ನೋಡು, ಹೀಗೆ ಇಳಿದುಬಿಟ್ಟ. ನೀನು ಇಲ್ಲಿಂದ ಏನಾದ್ರೂ ಕೊಡ್ತಿದ್ದೀಯಾ? ಇದ್ರೆ ಹೇಳು, ನಾನೂ ತಗೊಳ್ತೀನಿ. ಅವನಿಗೆ ಹೇಳಲ್ಲ."

ಯಜಮಾನಿ ಒಳಗಿನ ಕೋಣೆಯಲ್ಲೇ ತೊಗಟೆ ಕುಟ್ಟುತ್ತಿದ್ದಳು. ಕುಟ್ಟುವ ಸದ್ದು ಒಂದು ಕ್ಷಣ ನಿಂತಂತಾಯಿತು. ಹೌದು ಎಂದರೆ ಗಂಡನಿಗೆ ಇಂದಲ್ಲ ನಾಳೆ ತಿಳಿಯುತ್ತದೆ, ಡಾಕ್ಟರಿಗೆ ಹೇಳಿದ್ದೇನೆಂದು ಯಜಮಾನಿಗೆ ಹೇಳಿದ್ದೂ ಬಯಲಾಗುತ್ತದೆ.

"ಏನಿಲ್ಲಣ್ಣ" ಎಂದಳು. "ಅವರು ಹೇಳ್ತಾರಲ್ಲ, ಎಲ್ಲಾ ಕಾಲಿಂದೇ."

"ಹಾಗಾದ್ರೆ ಸರಿ" ಎಂದು ಅವನು ಟವೆಲ್ಲು ಒದರಿಕೊಂಡು ಹೋದ. "ನಂಗೂ ಕಾಲಿದೆಯಲ್ಲ."

ಮರುದಿನದಿಂದ ಜೋಡಿ ಕತ್ತರಿಗಳು ಒಟ್ಟಿಗೆ ದಿಬ್ಬ ಹತ್ತತೊಡಗಿದವು. ಸಣ್ಣ ಕತ್ತರಿ ಹೊಸ ಶೂ ಕೊಂಡಿದ್ದ. ಅವನು ಮಾತ್ರೆ ನುಂಗುವುದನ್ನೇ ಬಿಟ್ಟಿದ್ದ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ, ಅವನ ಹೆಂಡತಿಗೂ. ನಡೆದರೆ ಮಾತ್ರೆ ಬೇಡವೆಂದು ಅವನೇ ತೀರ್ಮಾನ ಮಾಡಿಕೊಂಡು, ಮಾತ್ರೆಗಳನ್ನು ಅಂಗಡಿಯಲ್ಲಿ ಬ್ಲೇಡಿಡುವ ಡ್ರಾಯರಿನೊಳಗೆ ತಳ್ಳುತ್ತಿದ್ದ. ಶೂ ಕಚ್ಚಿ ಕಿರುಬೆರಳ ಹತ್ತಿರ ಗುಳ್ಳೆ ಎದ್ದಿತು. ಗಲ್ಲ ಗಾಯವಾದರೆ ಗಿರಾಕಿಗಳಿಗೆ ಉಜ್ಜುವ ಪಟಿಕವನ್ನೇ ಕಾಲಿಗೂ ಉಜ್ಜಿಕೊಂಡ. ಉರಿಯಲಿಲ್ಲ, ನೋಯಲಿಲ್ಲ. ನೋವಿಲ್ಲವೆಂದರೆ ವಾಸಿಯಾಗುತ್ತಿದೆ ಎಂದುಕೊಂಡ. ಸಕ್ಕರೆ ಅವನ ಪಾದದ ನರಗಳಿಗೆ ಯಾವತ್ತೋ ಜೋಮು ಹಿಡಿಸಿಬಿಟ್ಟಿತ್ತು. ಕುರ್ಚಿಯಲ್ಲಿ ಕೂತ ಗಿರಾಕಿಯೊಬ್ಬ "ಏನೋ ವಾಸನೆ ಬರ್ತಿದೆ" ಎಂದಾಗಲೇ ಅವನು ಕಾಲುಚೀಲ ಬಿಚ್ಚಿ ಸರಿಯಾಗಿ ನೋಡಿದ್ದು. ಬೆರಳು ಕಪ್ಪಾಗಿತ್ತು. ಅಷ್ಟರಲ್ಲಿ ಜ್ವರವೂ ಏರಿತ್ತು.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಜೊತೆಗೆ ಪಾದದ ಅಂಚಿನ ಒಂದಿಷ್ಟು ಭಾಗವನ್ನೂ.

ಟೈಲರ್ ಹೆಂಡತಿಯೊಂದಿಗೆ ನೋಡಲು ಹೋದಾಗ ಸಣ್ಣ ಕತ್ತರಿ ಮಂಪರಿನಲ್ಲಿದ್ದ. ಅವನ ಹೆಂಡತಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನಿಮ್ಮ ಮಾತು ಕೇಳಿ ಮಾತ್ರೆ ಬಿಟ್ರಂತೆ ಅಣ್ಣ" ಎಂದಳು ಟೈಲರಿಗೆ. "ನಿಮ್ಮ ಹಾಗೆ ಬರೀ ಕಾಲಲ್ಲೇ ಗೆಲ್ತೀನಿ ಅಂದ್ಕೊಂಡಿದ್ರಂತೆ."

ಟೈಲರ್ ಬೆಂಚಿಗೆ ಕೈಯೂರಿ ನಿಂತ. ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು ಆಡಿದ. "ನನ್ನ ಈ ಬಾಯಿ ಇದೆಯಲ್ಲ."

ಆಮೇಲೆ ಅವನು ದಿಬ್ಬದ ಕಡೆ ತಲೆ ಹಾಕಲಿಲ್ಲ. ಪಕ್ಕದ ಅಂಗಡಿಯ ಷಟರ್ ಮುಚ್ಚಿರುವುದನ್ನು ನೋಡಲಾಗದೆ ತನ್ನ ಬಾಗಿಲನ್ನೂ ಅರ್ಧ ಎಳೆದುಕೊಂಡು ಕೂರುತ್ತಿದ್ದ. ಹೊಟ್ಟೆ ತಟ್ಟಿ ತೋರಿಸುವುದು ನಿಂತಿತು. ಯಾರಾದರೂ "ಹೇಗಪ್ಪಾ ಇಷ್ಟು ಇಳಿದೆ?" ಎಂದರೆ ಟೇಪನ್ನು ಕೊರಳಿಂದ ತೆಗೆದು ಬೇರೆ ಮಾತು ಎತ್ತುತ್ತಿದ್ದ. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಇರುತ್ತಿತ್ತು. ಹೆಂಡತಿ ಅವನನ್ನೇ ನೋಡುತ್ತ ಕೂರುತ್ತಿದ್ದಳು. ಅವನು ಹೊತ್ತುಕೊಂಡಿದ್ದು ತನ್ನ ಹೊರೆ ಎಂದು ಅವಳಿಗೆ ಗೊತ್ತಿತ್ತು. ಹೊರೆ ಇಳಿಸುವುದು ಅವಳ ಕೈಯಲ್ಲೇ ಇತ್ತು. ಒಂದು ಮಾತು ಸಾಕಿತ್ತು. ಆ ಒಂದು ಮಾತಿನ ಬದಲು ಅವಳು ಇನ್ನೊಂದು ಸೌಟು ಸಾರು ಬಡಿಸುತ್ತಿದ್ದಳು. ಕೆಲಸದ ಜಾಗದಲ್ಲಿ ಪೊಟ್ಟಣ ಕೊಡುವಾಗ ಹೇಳುವ ಆ ಬಾಯಿಪಾಠದ ಮಾತು ಈಗ ಅರ್ಧದಲ್ಲೇ ಕಚ್ಚಿಕೊಳ್ಳುತ್ತಿತ್ತು.

ಒಂದು ಮಧ್ಯಾಹ್ನ ಅವಳು ಗುಂಡಿ ಹೊಲಿಯಲು ಗಂಡನ ಅಂಗಡಿಯಲ್ಲಿ ಕೂತಿದ್ದಳು. ಅವನು ಯಾರದೋ ಕೋಟಿನ ಬಟ್ಟೆ ಹರಡಿ ಸೀಮೆಸುಣ್ಣದಿಂದ ಗುರುತು ಹಾಕಿದ. ಕತ್ತರಿ ಗುರುತು ಬಿಟ್ಟು ಓಡಿತು. ಅಷ್ಟು ವರ್ಷದ ಕಸುಬಿನಲ್ಲಿ ಅವನ ಕೈ ಹಾಗೆ ತಪ್ಪಿದ್ದನ್ನು ಅವಳು ಕಂಡಿರಲಿಲ್ಲ. ಅವನು ಬಟ್ಟೆಯ ಎರಡು ತುಂಡನ್ನೂ ಜೋಡಿಸಿ ಹಿಡಿದು ನೋಡಿ, ಹಾಗೇ ಮೇಜಿನ ಮೇಲೆ ತಲೆಯಿಟ್ಟ.

"ಒಬ್ಬನ ಕಾಲು ತೆಗೆಸಿದೆ ನಾನು" ಎಂದ.

"ನೀವಲ್ಲ ರೀ" ಎಂದಳು ಅವಳು. "ನಾನು."

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಪುಡಿಯ ವಿಷಯವನ್ನೆಲ್ಲ ಹೇಳಿದಳು. ಅವನು ತಲೆ ಎತ್ತಿ ಕೇಳಿದ.

"ಯಾವಾಗಿಂದ?"

"ನೀವು ನಡೆಯೋಕೆ ಶುರು ಮಾಡಿದ ಸ್ವಲ್ಪ ದಿನದಿಂದ."

"ಸೂಪಲ್ಲಾ?"

"ಹೂಂ."

"ಬೆಳ್ಳುಳ್ಳಿ ಸೀದಿದೆ ಅಂದಿದ್ದೆ ನೀನು."

"ಹೂಂ."

ಬೈಯುತ್ತಾನೆ ಎಂದುಕೊಂಡಿದ್ದಳು. ಬೈದಿದ್ದರೆ ತಡೆದುಕೊಳ್ಳಲು ಸಿದ್ಧಳಾಗಿಯೇ ಇದ್ದಳು. ಅವನು ಹಾಳಾದ ಬಟ್ಟೆಯನ್ನು ಮಡಿಸುತ್ತ, "ಹಾಗಾದ್ರೆ ಇಳಿದಿದ್ದರಲ್ಲಿ ನನ್ನದೆಷ್ಟು?" ಎಂದು ಕೇಳಿದ.

ಸಣ್ಣ ಕತ್ತರಿ ಅಂಗಡಿಗೆ ಬಂದು ಕೇಳಿದ್ದನ್ನೂ ಮುಚ್ಚಿಡದೆ ಹೇಳಿದಳು. ಆಗ ಅವನ ಮುಖ ಗಟ್ಟಿಯಾಯಿತು.

"ನಂಗೆ ಸುಳ್ಳು ಹೇಳಿದ್ದು ನನ್ನ ಜೀವ ಉಳಿಸೋಕೆ ಅಂದ್ಕೊಳ್ತೀನಿ. ಅವನಿಗೆ ಯಾಕೆ ಹೇಳಿದೆ?"

ಅವಳು ಚುಚ್ಚಿಟ್ಟ ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡಳು. ತನ್ನ ಮುಖ ಉಳಿಸಿಕೊಳ್ಳಲು ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಅವನೇ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

"ಎಷ್ಟು ಕಾಲಿಂದು, ಎಷ್ಟು ಮಾತ್ರೇದು, ಎಷ್ಟು ಪುಡೀದು ಅಂತ ನಾನು ಹೇಗೆ ಹೇಳ್ಲಿ?" ಎಂದರು. "ಪುಡಿ ಕೆಟ್ಟದ್ದು ಅಂತ ನಾನು ಅಂದಿಲ್ಲ. ನಡಿಗೆ ಜೊತೆ ಕೆಲವರಿಗೆ ಕೊಟ್ಟು ನೋಡಬಹುದು. ಆದ್ರೆ ಅವತ್ತು ದಿಬ್ಬದ ಮೇಲೆ ಇವರ ಕೈ ನಡುಗಿತಲ್ಲಮ್ಮ, ಅದನ್ನ ನಡಿಗೆಯ ಗುಣ ಅಂದ್ಕೊಂಡು ನಾನು ಎಲ್ಲರ ಮುಂದೆ ಇವರನ್ನ ನಿಲ್ಲಿಸಿದೆ. ರಸ್ತೆ ದಾಟುವಾಗ ಹಾಗಾಗಿದ್ರೆ? ನೀವು ಇಲ್ಲೇ, ಈ ಸ್ಟೂಲ್ ಮೇಲೇ ಕೂತಿದ್ರಿ."

"ಕೂತಿದ್ದೆ" ಎಂದಳು.

ಪುಡಿ ನಿಲ್ಲಿಸಿ ನೋಡೋಣ, ನಡಿಗೆ ಮತ್ತೆ ಶುರುಮಾಡಿ ಎಂದರು ಡಾಕ್ಟರಮ್ಮ. ಯಜಮಾನಿಗೂ ಅವಳು ತಾನಾಗಿಯೇ ಹೋಗಿ ಹೇಳಿದಳು. ಯಜಮಾನಿ ಕೆಲಸದಿಂದ ತೆಗೆಯಲಿಲ್ಲ. "ಇನ್ನು ಒಳಗೆ ಸೋಸೋ ಕೆಲಸ ಮಾಡು, ಕೌಂಟರಿಗೆ ಬರಬೇಡ" ಎಂದಳು, ಅಷ್ಟೇ.

ಸಣ್ಣ ಕತ್ತರಿಯ ಮನೆಗೆ ಹೋಗುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವನು ಕಾಲನ್ನು ದಿಂಬಿನ ಮೇಲಿಟ್ಟು ಗೋಡೆಗೊರಗಿ ಕೂತಿದ್ದ. ಅವನ ಹೆಂಡತಿ ಟೀ ತಂದಿಟ್ಟಳು. ಟೈಲರ್ ಬಾಗಿಲ ಹತ್ತಿರವೇ ನಿಂತ. ಟೈಲರ್ ಹೆಂಡತಿ ನೆಲದ ಮೇಲೆ ಕೂತು, ಕಾಲಿಗೆ ಸುತ್ತಿದ ಬಿಳಿ ಬಟ್ಟೆಯನ್ನು ನೋಡುತ್ತ ಹೇಳಿ ಮುಗಿಸಿದಳು.

"ನೀನು ಪುಡಿ ಕೊಟ್ಟಿದ್ರೆ ನಾನು ಅದನ್ನೂ ತಿಂದು ಮಾತ್ರೇನೂ ಬಿಡ್ತಿದ್ದೆನೋ ಏನೋ" ಎಂದ ಸಣ್ಣ ಕತ್ತರಿ. "ನನ್ನ ಬುದ್ಧಿ ನಂಗೆ ಗೊತ್ತು. ಅದಕ್ಕೆ ನಿನ್ನ ಬೈಯಲ್ಲ. ಆದ್ರೆ ನಾನು ಕೇಳಿದ್ದೆ ತಂಗಿ. ಅಂಗಡಿ ತನಕ ಬಂದು, ಬಾಯಿಬಿಟ್ಟು ಕೇಳಿದ್ದೆ."

"ಹೌದಣ್ಣ."

"ನೀನು ಹೌದು ಅಂದಿದ್ರೆ ನಿಮ್ಮ ಯಜಮಾನಿ ಆ ಮಾತು ಹೇಳ್ತಿದ್ರು. ಮಾತ್ರೆ ಬಗ್ಗೆ ಡಾಕ್ಟ್ರನ್ನ ಕೇಳು ಅಂತ. ಅವರು ಹೇಳದೇ ಬಿಡಲ್ಲ."

ಇದು ಅವಳಿಗೆ ಹೊಳೆದೇ ಇರಲಿಲ್ಲ. ಅಥವಾ ಹೊಳೆಯದಂತೆ ಅವಳೇ ದೂರ ತಳ್ಳಿದ್ದಳು. ಆ ಒಂದು ಮಾತು, ದಿನಕ್ಕೆ ಎಷ್ಟೋ ಸಲ ಅಪರಿಚಿತರಿಗೆಲ್ಲ ಪುಕ್ಕಟೆ ಹೇಳುತ್ತಿದ್ದ ಮಾತು, ಇವನೊಬ್ಬನಿಗೆ ಸಿಗದೆ ಹೋಯಿತು.

"ಟೀ ಆರೋಗುತ್ತೆ, ಕುಡೀರಿ" ಎಂದಳು ಅವನ ಹೆಂಡತಿ, ಅಭ್ಯಾಸಬಲದಿಂದ. ಯಾರೂ ಲೋಟ ಮುಟ್ಟಲಿಲ್ಲ.

ಟೈಲರ್ ಮತ್ತೆ ನಡೆಯತೊಡಗಿದ. ಪುಡಿ ನಿಂತ ಮೇಲೆ ಸಕ್ಕರೆ ಸ್ವಲ್ಪ ಏರಿತು, ಆದರೆ ಮೊದಲಿನ ಮಟ್ಟಕ್ಕೆ ಹೋಗಲಿಲ್ಲ. ಆ ರಿಪೋರ್ಟನ್ನು ಅವನು ತುಂಬ ಹೊತ್ತು ಹಿಡಿದು ನೋಡಿದ. ತನ್ನ ಕಾಲಿನದೂ ಒಂದಿಷ್ಟು ಇತ್ತು ಎನ್ನುವುದು ಗೊತ್ತಾಯಿತು. ಅದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ. ಆಮೇಲೆ ಡಾಕ್ಟರಮ್ಮನೇ ಅಳತೆ ಹೇಳಿ, ಮಾತ್ರೆಯ ಜೊತೆ ಪುಡಿ ತೆಗೆದುಕೊಳ್ಳಬಹುದು ಎಂದಾಗ, ಅವನು ತಾನೇ ನೀರಿಗೆ ಕಲಸಿಕೊಂಡು, ಮೂಗು ಮುಚ್ಚಿ ಕುಡಿಯತೊಡಗಿದ. ಹೆಂಡತಿ ಚಮಚಕ್ಕೆ ಕೈ ಚಾಚಿದರೆ, "ನಾನೇ ಹಾಕ್ಕೋತೀನಿ" ಎನ್ನುತ್ತಿದ್ದ. ಗಡಸು ದನಿಯಲ್ಲೇನೂ ಅಲ್ಲ.

ಕ್ಲಿನಿಕ್ಕಿನ ಸಭೆಗೆ ಮತ್ತೆ ಕರೆ ಬಂದಾಗ ಟೈಲರ್ ಎದ್ದು ನಿಂತು, "ಹೋದ ಸಲ ನಾನು ಹೇಳಿದ್ದು ಪೂರ್ತಿ ನಿಜ ಅಲ್ಲ. ನಂಗೆ ಗೊತ್ತಿರಲಿಲ್ಲ. ಉಳಿದದ್ದನ್ನ ಇವಳು ಹೇಳ್ತಾಳೆ" ಎಂದು ಕೂತ. ಅವಳು ಹೇಳಿದಳು. ಅಂದು ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನ ಹೆಂಗಸೊಬ್ಬಳು ತನ್ನ ಕೈಚೀಲವನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡಿದ್ದು ಮಾತ್ರ ಅವಳಿಗೆ ಕಂಡಿತು. ಸಭೆ ಮುಗಿದ ಮೇಲೆ ಆ ಹೆಂಗಸು ಚೀಲದಿಂದ ಒಂದು ಪೊಟ್ಟಣ ತೆಗೆದು ಡಾಕ್ಟರಮ್ಮನ ಮೇಜಿನ ಮೇಲಿಟ್ಟಳು.

ಸಣ್ಣ ಕತ್ತರಿಯ ಗಾಯ ಬೇಗ ಮಾಯಲಿಲ್ಲ. ದಿನವೂ ತೊಳೆದು ಬಟ್ಟೆ ಬದಲಿಸಬೇಕಿತ್ತು. ಅವನ ಹೆಂಡತಿಗೆ ಮನೆ ನಡೆಸಲು ಬೇರೆ ಕಡೆ ಬೆಳಗಿನ ಕೆಲಸ ಹಿಡಿಯಬೇಕಾಯಿತು. ಟೈಲರ್ ಹೆಂಡತಿ ತಾನು ಬರುತ್ತೇನೆ ಎಂದಾಗ ಅವನು ಮೊದಲು ಬೇಡವೆಂದ. ಆಮೇಲೆ ಬೇರೆ ದಾರಿಯಿಲ್ಲದೆ ಒಪ್ಪಿದ. ಆಸ್ಪತ್ರೆಯ ನರ್ಸು ಅವಳಿಗೆ ಮಾಡುವ ಕ್ರಮ ತೋರಿಸಿಕೊಟ್ಟಳು.

ಅವಳು ಬೆಳಿಗ್ಗೆ ಹೋಗಿ ಕೈ ತೊಳೆದು, ಅವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹಳೆಯ ಬಟ್ಟೆ ಬಿಚ್ಚುತ್ತಿದ್ದಳು. ಅವನು ಅಷ್ಟು ಹೊತ್ತೂ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಹವಾಮಾನದಿಂದ ಹಿಡಿದು ಬಸ್ ದರದ ತನಕ ಗಟ್ಟಿಯಾಗಿ ಓದುತ್ತಿದ್ದ, ಮಾತಾಡಬೇಕಾದ ಅಗತ್ಯ ಬಾರದಿರಲೆಂದು. ಒಂದು ದಿನ ಅಂಟಿಕೊಂಡಿದ್ದ ಬಟ್ಟೆ ಎಳೆಯುವಾಗ ರಕ್ತ ಜಿನುಗಿತು. ಅವಳ ಕೈ ನಿಂತಿತು.

"ನೋವಾಗುತ್ತಾ ಅಣ್ಣ?"

ಓದು ನಿಂತಿತು. ಪೇಪರು ಮಾತ್ರ ಕೆಳಗಿಳಿಯಲಿಲ್ಲ.

"ಆಗಲ್ಲ" ಎಂದ. "ಆಗಿದ್ರೆ ಅವತ್ತೇ ಗೊತ್ತಾಗ್ತಿತ್ತಲ್ಲ. ನೀನು ನಿನ್ನ ಕೆಲಸ ಮಾಡು."

ಅವಳು ಹತ್ತಿಯನ್ನು ಔಷಧದಲ್ಲಿ ಅದ್ದಿ, ನೋಯುವ ಕಾಲನ್ನು ಮುಟ್ಟುವಷ್ಟೇ ಮೆಲ್ಲಗೆ ಒರೆಸತೊಡಗಿದಳು.